ಬಯಲುಸೀಮೆಯ ಕೆರೆಗೆ ಬಂದ ಜಪಾನಿನ ಕಪ್ಪೆ: ಗಾಳದ ಎರೆಯ ಒಂದು ಚರಿತ್ರೆ

ತುಮಕೂರು ಜಿಲ್ಲೆಯ ಶಿರಾ, ಮಧುಗಿರಿ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳಲ್ಲಿ ಮೀನು ಹಿಡಿಯುವ ಕಸುಬಿನ ಚರಿತ್ರೆಯನ್ನು ಬರೆಯಹೊರಟವರು ಮೊದಲು ನೀರಿನ ಚರಿತ್ರೆಯನ್ನು ಬರೆಯಬೇಕಾಗುತ್ತದೆ. ಜಯಮಂಗಲಿ, ಸುವರ್ಣಮುಖಿ, ಉತ್ತರ ಪಿನಾಕಿನಿಗಳು ಈ ಸೀಮೆಯನ್ನು ಹಾದುಹೋಗುತ್ತವೆಯಾದರೂ ವರ್ಷದ ಬಹುಭಾಗ ಅವು ಬರಿಯ ಮರಳಿನ ಹಾಸುಗಳಾಗಿರುವುದರಿಂದ, ಇಲ್ಲಿ ಮೀನೆಂದರೆ ಕೆರೆಯ ಮೀನು; ಕೆರೆ ತುಂಬಿದ ವರ್ಷ ಮೀನುಂಟು, ಬತ್ತಿದ ವರ್ಷ ಇಲ್ಲ. ಶಿರಾ ತಾಲ್ಲೂಕಿನ ಮದಲೂರು ಕೆರೆ ಇದಕ್ಕೆ ಕಣ್ಣೆದುರಿನ ಸಾಕ್ಷಿ. ವರ್ಷಗಟ್ಟಲೆ ನೀರಿಲ್ಲದೆ ನಿಂತಿದ್ದ ಈ ಕೆರೆಯನ್ನು ಹೇಮಾವತಿಯ ನೀರಿನಿಂದ ತುಂಬಿಸುವ ಮಾತು 2020ರ ಶಿರಾ ಉಪಚುನಾವಣೆಯ ಮುಖ್ಯ ವಿಷಯವಾಗಿ, ಆ ಬಳಿಕ ಕಾವೇರಿ ಕಣಿವೆಯ ಆ ನೀರು ತನ್ನ ಕಣಿವೆಯನ್ನು ದಾಟಿ ಮದಲೂರಿನವರೆಗೆ ಹರಿಯಿತು. ಕಾಲುವೆಯ ನೀರು ಬರುವಾಗ ಮೀನಿನ ಮರಿಗಳನ್ನೂ ಹೊತ್ತು ತರುತ್ತದೆಯಾದ್ದರಿಂದ, ಕೆರೆ ತುಂಬಿದಲ್ಲೆಲ್ಲ ಗಾಳ ಹಿಡಿದು ಏರಿಯ ಮೇಲೆ ಕೂರುವವರೂ ಮರಳಿ ಕಾಣಿಸಿಕೊಳ್ಳುತ್ತಾರೆ.

ಈ ಸೀಮೆಯಲ್ಲಿ ಗಾಳ ಎಂದೂ ಮುಖ್ಯ ಸಾಧನವಾಗಿರಲಿಲ್ಲ. ಕೆರೆಯ ನೀರು ಬೇಸಿಗೆಯ ಕೊನೆಗೆ ಮೊಳಕಾಲುದ್ದಕ್ಕೆ ಇಳಿದಾಗ ಊರವರು ಒಟ್ಟಾಗಿ ಇಳಿದು, ತಳ ತೆರೆದ ಬಿದಿರಿನ ಬುಟ್ಟಿಯಾದ ಕೂಳಿಯನ್ನು ಕೆಸರಿನಲ್ಲಿ ಒತ್ತಿ, ಮೇಲಿನ ಬಾಯಿಂದ ಕೈ ಹಾಕಿ ಮೀನನ್ನು ಎತ್ತುತ್ತಿದ್ದರು. ನೀರು ಹೆಚ್ಚಿರುವಾಗ ಬೆಸ್ತರು ಬೀಸುಬಲೆ ಎಸೆಯುತ್ತಿದ್ದರು. ಕೆರೆಯ ಮೀನನ್ನು ಒಂದು ಅವಧಿಗೆ ಹಿಡಿದು ಮಾರುವ ಹಕ್ಕಿಗೆ ಮೀನು ಪಾಶುವಾರು ಹಕ್ಕು ಎಂದು ಹೆಸರು. ಅದನ್ನು ಹರಾಜು ಹಾಕುವ ಪದ್ಧತಿ ಗ್ರಾಮ ಪಂಚಾಯಿತಿಗಳಲ್ಲಿ ಇಂದಿಗೂ ನಡೆದುಬಂದಿದೆ. ಬಲೆಗೂ ಹರಾಜಿಗೂ ಸಿಲುಕದ ಸಣ್ಣ ಬೇಟೆಯಷ್ಟೇ ಗಾಳದ ಪಾಲಿಗೆ ಉಳಿದಿತ್ತು. ಬಿದಿರು ಕಡ್ಡಿ, ನೂಲು, ತೇಲುವುದಕ್ಕೊಂದು ಬೆಂಡು, ಕೊಕ್ಕೆಗೆ ಚುಚ್ಚುವ ಎರೆಹುಳು ಇವಿಷ್ಟೇ ಅದರ ಸಲಕರಣೆ. ದೊಡ್ಡ ಮೀನಿಗೆಂದು ಕೊಕ್ಕೆಗೆ ಜೀವಂತ ಕಪ್ಪೆಯನ್ನು ಸಿಕ್ಕಿಸಿ, ದಾರವನ್ನು ದಡದ ಪೊದೆಗೆ ಬಿಗಿದು ರಾತ್ರಿಯಿಡೀ ಬಿಡುವುದೂ ಉಂಟು. ಕೆರೆಯೇ ಆರು ತಿಂಗಳ ಬಾಳಿನದಾಗಿದ್ದ ನಾಡಿನಲ್ಲಿ, ಮೀನನ್ನು ಮರುಳು ಮಾಡುವ ಕೃತಕ ಎರೆಯನ್ನು ಕೆತ್ತುತ್ತ ಕೂರುವ ಕಲೆ ಬೆಳೆಯದೆ ಹೋದದ್ದು ಸಹಜವೇ ಆಗಿದೆ.

ಆದರೆ ಗಾಳವನ್ನು ಕಲೆಯೆಂದು ಬಗೆದ ಬರಹ ಕನ್ನಡ ನಾಡಿನ ಅರಮನೆಯಲ್ಲೇ ಹುಟ್ಟಿತ್ತೆಂಬುದನ್ನು ಮರೆಯುವಂತಿಲ್ಲ. ಶಿರಾ ಮತ್ತು ಮಡಕಶಿರಾ ಭಾಗ ಸೇರಿದ್ದ ನೊಳಂಬವಾಡಿಯು ಕಲ್ಯಾಣದ ಚಾಲುಕ್ಯರ ಅಧೀನದಲ್ಲಿದ್ದ 12ನೆಯ ಶತಮಾನದಲ್ಲಿ, ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದ ವಿನೋದಗಳ ಭಾಗದಲ್ಲಿ ಮತ್ಸ್ಯವಿನೋದವೆಂಬ ಪ್ರಕರಣವಿದ್ದು, ಅದರಲ್ಲಿ ಮೀನಿನ ಜಾತಿಗಳು, ಅವುಗಳನ್ನು ಒಂದೆಡೆ ಸೆಳೆದು ಕೊಬ್ಬಿಸಲು ಹಾಕಬೇಕಾದ ಹಿಟ್ಟಿನ ಉಂಡೆಗಳು, ಗಾಳದ ಕೋಲು ಮತ್ತು ದಾರ ಇವುಗಳ ವಿವರ ಬರುತ್ತದೆ. ಮೀನುಶಾಸ್ತ್ರಜ್ಞ ಸುಂದರಲಾಲ್ ಹೋರಾ ಅವರು 1951ರಲ್ಲಿ ಈ ಪ್ರಕರಣವನ್ನು ವಿವರಿಸಿ ಬರೆದ ಮೇಲೆ ವಿಜ್ಞಾನ ಲೋಕವೂ ಇದನ್ನು ಗಮನಿಸಿತು. ಈ ಗ್ರಂಥದ ನೋಟವೆಲ್ಲ ತಿನ್ನುವ ಎರೆಯ ಮೇಲೆ ನಿಂತಿದೆ: ಮೀನಿಗೆ ಏನು ರುಚಿಯೋ ಅದನ್ನು ಕೊಟ್ಟು ಹಿಡಿಯಬೇಕೆಂಬುದು ಅದರ ನಿಲುವು. ಕಾವೇರಿಯ ಮಹಾಶೀರ್ ಮೀನಿಗೆ ರಾಗಿ ಮುದ್ದೆಯ ಉಂಡೆಯನ್ನು ಕೊಕ್ಕೆಗೆ ಮೆತ್ತುವ ಇತ್ತೀಚಿನವರೆಗಿನ ರೂಢಿಯೂ ಇದೇ ನಿಲುವಿನ ಮುಂದುವರಿಕೆ.

ತಿನ್ನಲಾಗದ ಎರೆ ಈ ನಾಡಿಗೆ ಬಂದದ್ದು ಬ್ರಿಟಿಷರ ಜೊತೆಯಲ್ಲಿ. 1800ರಲ್ಲಿ ಶಿರಾ ಮತ್ತು ಮಧುಗಿರಿಗಳನ್ನು ಹಾದುಹೋದ ಫ್ರಾನ್ಸಿಸ್ ಬುಕಾನನ್‌ಗೆ ಗಾಳದ ಹವ್ಯಾಸದ ಚರಿತ್ರೆಯಲ್ಲಿ ಸ್ಥಾನವಿಲ್ಲದಿದ್ದರೂ ಮೀನಿನ ಚರಿತ್ರೆಯಲ್ಲಿ ದೊಡ್ಡ ಸ್ಥಾನವಿದೆ. ಗಂಗಾನದಿಯ ಮೀನುಗಳನ್ನು ಕುರಿತು ಆತ 1822ರಲ್ಲಿ ಪ್ರಕಟಿಸಿದ ಗ್ರಂಥದಲ್ಲೇ ಕಾಟ್ಲಾ, ರೋಹು ಮತ್ತು ಹೂವಿನ ಮುರ್ಲು ಮೀನುಗಳು ವಿಜ್ಞಾನದ ಹೆಸರುಗಳನ್ನು ಪಡೆದವು. ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ 1873ರಲ್ಲಿ ಮಂಗಳೂರಿನಲ್ಲಿ ಅಚ್ಚುಹಾಕಿಸಿದ ‘ದಿ ರಾಡ್ ಇನ್ ಇಂಡಿಯಾ’ ಭಾರತದ ಹೊಳೆಗಳಲ್ಲಿ ಗಾಳ ಹಾಕುವವರ ಕೈಪಿಡಿಯಾಯಿತು. ಅದಕ್ಕಿಂತ ಹೆಚ್ಚಾಗಿ ಬಯಲುಸೀಮೆಗೆ ಸಂಬಂಧಿಸಿದ್ದು, ಕೆರೆಗಳಲ್ಲಿ ಗಾಳ ಹಾಕುವುದನ್ನೇ ವಿಷಯವಾಗಿಸಿಕೊಂಡು ಅವನು 1887ರಲ್ಲಿ ಹೊರತಂದ ಇನ್ನೊಂದು ಪುಸ್ತಕ. ಚಮಚದ ಆಕಾರದ ಹೊಳೆಯುವ ಲೋಹದ ತಗಡನ್ನು ನೀರಿನಲ್ಲಿ ಎಳೆದು, ಗಾಯಗೊಂಡ ಮರಿಮೀನಿನಂತೆ ಮಿನುಗಿಸಿ ಬೇಟೆಗಾರ ಮೀನನ್ನು ಕೆರಳಿಸುವ ಸ್ಪೂನ್ ಎಂಬ ಸಾಧನ ಈ ಕಾಲದಲ್ಲಿ ಮೈಸೂರು ಸೀಮೆಯ ಹೊಳೆಗಳಿಗೂ ಬಂದಿತು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ವ್ಯಾನ್ ಇಂಗೆನ್ ಕಬಿನಿಯಲ್ಲಿ 120 ಪೌಂಡು ತೂಕದ ಮಹಾಶೀರ್ ಹಿಡಿದದ್ದು ಈ ಹವ್ಯಾಸದ ಹೆಸರಾಂತ ಘಟನೆ. ಆದರೂ ಅದು ಹೊಳೆಯ ದಡದ ದೊರೆಗಳ ವಿನೋದವಾಗಿಯೇ ಉಳಿದು, ಕೆರೆಯ ಏರಿಯವರೆಗೆ ಬರಲಿಲ್ಲ.

ಅಷ್ಟರಲ್ಲಿ ಕೆರೆಯ ಮೀನೇ ಬದಲಾಯಿತು. 1957ರಲ್ಲಿ ಹೀರಾಲಾಲ್ ಚೌಧುರಿ ಅವರು ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಗೆಂಡೆಮೀನುಗಳನ್ನು ಪ್ರೇರಿತವಾಗಿ ಮರಿ ಮಾಡಿಸುವ ವಿಧಾನವನ್ನು ಸಾಧಿಸಿದ ಬಳಿಕ, ಗಂಗೆಯ ಬಯಲಿನ ಕಾಟ್ಲಾ, ರೋಹು, ಮೃಗಾಲ್ ಮರಿಗಳು ದಕ್ಷಿಣದ ಕೆರೆಗಳಿಗೂ ಹೇರಳವಾಗಿ ದೊರೆಯತೊಡಗಿದವು. 1952ರಲ್ಲಿ ಭಾರತಕ್ಕೆ ಬಂದ ಆಫ್ರಿಕಾ ಮೂಲದ ತಿಲಾಪಿಯಾ, ಜಿಲೇಬಿ ಎಂಬ ಹೆಸರಿನಲ್ಲಿ ಹಳ್ಳಿಯ ಸಂತೆಯ ಮೀನಾಯಿತು. ಈ ಹೊಸಬರ ನಡುವೆಯೂ ಉಳಿದುಕೊಂಡ ದೇಸಿ ಬೇಟೆಗಾರ ಮೀನೆಂದರೆ ಕೊರವ, ಅಂದರೆ ಮುರ್ಲು ಜಾತಿಯ ಹಾವುತಲೆಯ ಮೀನು. ಇದರ ತಲೆಯಲ್ಲಿ ಗಾಳಿಯನ್ನೇ ನೇರವಾಗಿ ಉಸಿರಾಡಲು ನೆರವಾಗುವ ಅಂಗವಿರುವುದರಿಂದ, ಬೇರೆ ಮೀನು ಸಾಯುವ ಬಿಸಿನೀರಿನಲ್ಲೂ ಇದು ಬದುಕುತ್ತದೆ. ಕೆರೆ ಪೂರ್ತಿ ಬತ್ತಿದಾಗ ಹಸಿ ಕೆಸರಿನೊಳಗೆ ಹುದುಗಿ ಮುಂದಿನ ಮಳೆಗಾಗಿ ಕಾಯುತ್ತದೆ. ಬರಗಾಲದ ಸೀಮೆಯ ಕೆರೆಗೆ ಇದಕ್ಕಿಂತ ಹೊಂದುವ ಮೀನು ಇನ್ನೊಂದಿಲ್ಲ.

ಇದೇ ಮೀನು ಮದಲೂರಿನ ಕೆರೆಯನ್ನು ಜಪಾನಿನ ಕೆರೆಗಳೊಂದಿಗೆ ಜೋಡಿಸುತ್ತದೆ. ಕೃತಕ ಎರೆಯ ಕಲೆ ಜಪಾನಿನಲ್ಲಿ ಹಳೆಯದು. ಗರಿಯನ್ನು ಕೊಕ್ಕೆಗೆ ಸುತ್ತಿ ಹುಳುವಿನಂತೆ ಕಾಣಿಸುವ ಕೆಬಾರಿ, ಕಣವೆ ಜಾತಿಯ ಸಮುದ್ರಜೀವಿಗಳನ್ನು ಹಿಡಿಯಲು ಮರದಲ್ಲಿ ಕೆತ್ತಿದ ಸಿಗಡಿಯಾಕಾರದ ಎಗಿ ಇವು ಎಡೊ ಯುಗದಿಂದಲೂ ಬಳಕೆಯಲ್ಲಿವೆ. ಉದ್ಯಮಿ ಅಕಾಬೊಶಿ ತೆತ್ಸುಮಾ ಅವರು 1925ರಲ್ಲಿ ಅಮೆರಿಕದಿಂದ ಬಾಸ್ ಮೀನನ್ನು ತರಿಸಿ ಆಶಿ ಸರೋವರಕ್ಕೆ ಬಿಟ್ಟರು. 1970ರ ದಶಕದಿಂದ ಬಾಸ್ ಬೇಟೆ ದೊಡ್ಡ ಗೀಳಾಗಿ ಹಬ್ಬಿ, ಸಾಕಾಯ್ ಪಟ್ಟಣದಲ್ಲಿ 1921ರಲ್ಲಿ ಸೈಕಲ್ ಬಿಡಿಭಾಗಗಳಿಂದ ಆರಂಭವಾಗಿದ್ದ ಶಿಮಾನೊ ಸಂಸ್ಥೆಯೂ ಅದೇ ದಶಕದಲ್ಲಿ ಗಾಳದ ರೀಲುಗಳ ತಯಾರಿಕೆಗಿಳಿಯಿತು. ಬಾಸ್‌ಗಿಂತ ಬಯಲುಸೀಮೆಗೆ ಹತ್ತಿರದ ಸಂಗತಿ ಮತ್ತೊಂದಿದೆ: 20ನೆಯ ಶತಮಾನದ ಮೊದಲ ದಶಕಗಳಲ್ಲಿ ಕೊರಿಯಾ ಮತ್ತು ತೈವಾನ್ ಕಡೆಯಿಂದ ಜಪಾನಿಗೆ ಕೊರವದ ಬಳಗದ ಮೀನುಗಳೇ ಬಂದು ಸೇರಿದ್ದು, ಅಲ್ಲಿ ಅವುಗಳನ್ನು ರೈಗ್ಯೋ ಎನ್ನುತ್ತಾರೆ. ತಾವರೆ ಮತ್ತು ಜೊಂಡು ಮುಚ್ಚಿದ ಕೊಳಗಳಲ್ಲಿ ಈ ರೈಗ್ಯೋವನ್ನು ಹಿಡಿಯುವುದಕ್ಕೆಂದೇ ಜಪಾನಿನ ಕುಶಲಿಗಳು ಕಪ್ಪೆಯಾಕಾರದ ಎರೆಯನ್ನು ಗಟ್ಟಿಗೊಳಿಸಿ ತಿದ್ದಿದರು. ಆದುದರಿಂದ ಬಾಸ್ ಇಲ್ಲದ ನಾಡಿನಲ್ಲಿ ಬಾಸ್ ಬೇಟೆಯ ಸಾಧನಕ್ಕೇನು ಕೆಲಸವೆಂದು ಕೇಳಿದರೆ, ಆ ಸಾಧನದ ಒಂದು ಕವಲು ಕೊರವದ ನಂಟರಿಗಾಗಿಯೇ ರೂಪುಗೊಂಡದ್ದೆಂಬುದೇ ಉತ್ತರ.

ಈ ಕಪ್ಪೆಯ ರಚನೆಯನ್ನು ಹತ್ತಿರದಿಂದ ನೋಡಬೇಕು. ಬೆರಳುದ್ದದ ಮೆದು ರಬ್ಬರಿನಂಥ ಪೊಳ್ಳು ಮೈ, ಹಿಂದೆ ಕಾಲುಗಳಂತೆ ಅಲುಗುವ ಎರಡು ಕುಚ್ಚುಗಳು, ಬೆನ್ನಿಗೆ ಒತ್ತಿಕೊಂಡು ಮೇಲ್ಮುಖವಾಗಿ ಕೂತ ಜೋಡಿ ಕೊಕ್ಕೆ. ಕೊಕ್ಕೆಯ ಮೊನೆ ಮೈಗೆ ಅಂಟಿಕೊಂಡಿರುವುದರಿಂದ ಜೊಂಡಿನ ಮೇಲೆ, ತಾವರೆ ಎಲೆಯ ಮೇಲೆ ಎಳೆದರೂ ಅದು ಸಿಕ್ಕಿಕೊಳ್ಳುವುದಿಲ್ಲ. ಮೀನು ಕಚ್ಚಿದಾಗ ಮಾತ್ರ ಪೊಳ್ಳು ಮೈ ಕುಗ್ಗಿ ಮೊನೆಗಳು ಹೊರಬೀಳುತ್ತವೆ. ಹಲವು ಎಳೆಗಳನ್ನು ಹೆಣೆದ ಪಾಲಿಎಥಿಲಿನ್ ದಾರ ಹಿಗ್ಗುವುದಿಲ್ಲವಾದ್ದರಿಂದ, ಬಿರುಸಾದ ಕೋಲಿನಿಂದ ಮೀನನ್ನು ಗಿಡಗಂಟಿಯ ನಡುವಿನಿಂದ ಸೀದಾ ಎಳೆಯಬಹುದು. ಕಪ್ಪೆಯನ್ನು ಎಲೆಯ ಅಂಚಿಗೆ ಎಸೆದು, ಎರಡು ಸಲ ಕುಪ್ಪಳಿಸಿ, ಸುಮ್ಮನೆ ನಿಲ್ಲಿಸುವುದು ಕ್ರಮ. ಕೊರವ ನೀರನ್ನು ಸಿಡಿಸಿ ಮೇಲೆರಗಿದೊಡನೆ ಕೋಲನ್ನು ಸೆಳೆದರೆ ಕಪ್ಪೆ ಬರಿಬಾಯಿಂದ ಜಾರಿಬರುತ್ತದೆ, ಆದುದರಿಂದ ಅದು ಬಾಯಿಗೆ ತೆಗೆದುಕೊಂಡು ಕೆಳಗಿಳಿಯುವಷ್ಟು ಹೊತ್ತು ತಡೆದು ಸೆಳೆಯಬೇಕು. ಗಾಳಿ ಕುಡಿಯಲು ಆಗಾಗ ಮೇಲೆ ಬರುವ ಮೀನಿಗೆ ಮೇಲ್ಮೈಯ ಎರೆ ಹೊಂದುತ್ತದೆ. ಇದಕ್ಕೆ ಪ್ರತಿಯಾಗಿ, ತಿಳಿನೀರಿನ ಆಳದಲ್ಲಿ ಸಣ್ಣ ಸೀಸದ ಗುಂಡಿನ ಮೇಲ್ಗಡೆ ಮೆದು ಹುಳುವೊಂದನ್ನು ನಡುಗಿಸುವಂಥ ಜಪಾನಿನ ನಾಜೂಕಿನ ವಿಧಾನಗಳು, ಮಳೆಯ ಕೆಮ್ಮಣ್ಣು ಕಲಸಿದ ಕೆರೆಯಲ್ಲಿ ಅಷ್ಟಾಗಿ ಫಲ ಕೊಡಲಾರವು.

ಜೀವಂತ ಕಪ್ಪೆಯನ್ನು ಕೊಕ್ಕೆಗೆ ಸಿಕ್ಕಿಸುವ ರೂಢಿಯನ್ನು ಬಿಡಿಸುವುದಾದರೆ ಈ ಹೊಸ ಎರೆಗೆ ನಿಜವಾದ ಸ್ವಾಗತವೇ ಸಲ್ಲಬೇಕು. ಕಪ್ಪೆಗಳ ನಾಶವನ್ನು ಕಂಡೇ ಭಾರತ 1987ರಲ್ಲಿ ಕಪ್ಪೆಕಾಲಿನ ರಫ್ತನ್ನು ನಿಲ್ಲಿಸಿತ್ತು. ಆದರೆ ಸಾಧನ ಬಂದ ದಾರಿಯಲ್ಲೇ ಮೀನೂ ಬರಬಾರದು. ಬಿವಾ ಸರೋವರದಲ್ಲಿ 2009ರಲ್ಲಿ ಕುರಿತಾ ಮನಾಬು ಹಿಡಿದ 10 ಕಿಲೋಗೂ ಮೀರಿದ ಬಾಸ್ 1932ರ ಅಮೆರಿಕದ ದಾಖಲೆಯನ್ನು ಸರಿಗಟ್ಟಿ ಲೋಕಪ್ರಸಿದ್ಧವಾಯಿತಾದರೂ, ಅದಕ್ಕೆ ನಾಲ್ಕು ವರ್ಷ ಮೊದಲೇ, 2005ರಲ್ಲಿ ಜಾರಿಗೆ ಬಂದ ಕಾನೂನಿನಡಿ ಜಪಾನು ಇದೇ ಮೀನನ್ನು ಸಾಕುವುದನ್ನೂ ಸಾಗಿಸುವುದನ್ನೂ ಬಿಡುವುದನ್ನೂ ನಿರ್ಬಂಧಿಸಿತ್ತು. ದೇಸಿ ಮೀನುಗಳನ್ನು ತಿಂದು ಮುಗಿಸುವ ಅದರ ಹಸಿವೇ ಇದಕ್ಕೆ ಕಾರಣ. ಕರ್ನಾಟಕದ ಕೆರೆಗಳು ಆಫ್ರಿಕಾದ ಕ್ಯಾಟ್‌ಫಿಶ್‌ನಿಂದ ಈ ಪಾಠವನ್ನು ಈಗಾಗಲೇ ಕಲಿತಿವೆ.

ಹೊಸ ಎರೆಯಿಂದ ಹುಟ್ಟಿದ ಕೆಟ್ಟ ಅಭ್ಯಾಸವೂ ಒಂದಿದೆ. ಕೆರೆಗೆ ಹೊಸ ನೀರು ಬಂದಾಗ ಕೊರವ ಮರಿ ಮಾಡುತ್ತದೆ. ಕೆಂಬಣ್ಣದ ಮರಿಗಳು ಗುಂಪುಗೂಡಿ ನೀರಿನ ಮೇಲೆ ಕುದಿಯುವಂತೆ ಆಡುತ್ತಿದ್ದರೆ ತಂದೆತಾಯಿ ಮೀನುಗಳು ಅವುಗಳ ಕೆಳಗೇ ಕಾವಲಿರುತ್ತವೆ, ಮತ್ತು ಗುಂಪಿನೊಳಗೆ ಬಿದ್ದ ಕಪ್ಪೆಯನ್ನು ಹಸಿವಿನಿಂದಲ್ಲ, ಮರಿಗಳ ರಕ್ಷಣೆಗಾಗಿ ಕಚ್ಚುತ್ತವೆ. ಇದನ್ನು ಬಲ್ಲ ಕೆಲವರು ಬೇಕೆಂದೇ ಅಲ್ಲಿಗೆ ಎಸೆಯುತ್ತಾರೆ. ಕಾವಲು ತಪ್ಪಿದ ಮರಿಗಳನ್ನು ಬೇರೆ ಮೀನುಗಳೂ ಕೊಕ್ಕರೆಗಳೂ ಬೇಗ ಮುಗಿಸಿಬಿಡುವುದರಿಂದ, ಒಂದು ಕಚ್ಚಿನಲ್ಲಿ ಒಂದು ಸಂಸಾರವೇ ಹೋಗುತ್ತದೆ. ಪಾಶುವಾರು ಹರಾಜಿನ ಕರಾರಿನಲ್ಲೇ, ಮರಿಗುಂಪು ಕಾಣುವ ವಾರಗಳಲ್ಲಿ ಕೊರವದ ಮೇಲೆ ಗಾಳ ಹಾಕಬಾರದೆಂಬ ಒಂದು ಮಾತನ್ನು ಪಂಚಾಯಿತಿಗಳು ಸೇರಿಸಿದರೆ ಹರಾಜು ಹಿಡಿದವರಿಗೆ ಅದರಿಂದ ನಷ್ಟವಿಲ್ಲ. ಮರುವರ್ಷದ ಮೀನು ಆ ಗುಂಪಿನಿಂದಲೇ ಬರಬೇಕಾಗಿದೆ.