ಆರು ವಿಘಳಿಗೆ: ನರಗುಂದದಿಂದ ಗಜೇಂದ್ರಗಡದವರೆಗಿನ ಹೊತ್ತು

ನರಗುಂದ, ರೋಣ, ಗಜೇಂದ್ರಗಡ ಮೂರೂ 15.7 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿ, ಪಡುವಣದಿಂದ ಮೂಡಣಕ್ಕೆ ಸಾಲಾಗಿ ಕೂತಿವೆ. ಹೊತ್ತನ್ನು ಅಳೆಯುವವರಿಗೆ ಇದು ಅಪರೂಪದ ಅನುಕೂಲ. ಋತುಮಾನದಿಂದ ಹಗಲು ಹಿಗ್ಗುವುದೂ ಕುಗ್ಗುವುದೂ ಮೂರೂ ಊರಿಗೆ ಸಮ. ಉಳಿಯುವುದು ರೇಖಾಂಶದ ವ್ಯತ್ಯಾಸ ಮಾತ್ರ.

ನರಗುಂದ ಸುಮಾರು 75.38 ಡಿಗ್ರಿ ಪೂರ್ವದಲ್ಲಿದೆ, ಗಜೇಂದ್ರಗಡ 75.97ರಲ್ಲಿ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಗುಣಿಸಿದರೆ ಗಜೇಂದ್ರಗಡದ ಹೊತ್ತು 2 ನಿಮಿಷ 22 ಸೆಕೆಂಡು ಮುಂದು. ಪಂಚಾಂಗದ ಘಳಿಗೆ 24 ನಿಮಿಷ, ವಿಘಳಿಗೆ 24 ಸೆಕೆಂಡು. ಅಂದರೆ ನೇರ ಗೆರೆಯಲ್ಲಿ ಸುಮಾರು 63 ಕಿ.ಮೀ. ಅಂತರಕ್ಕೆ ಆರು ವಿಘಳಿಗೆ.

ಭಾರತೀಯ ಪ್ರಮಾಣ ಸಮಯ ಜಾರಿಗೆ ಬಂದದ್ದು 1906ರ ಜನವರಿ 1ರಂದು, 82.5 ಡಿಗ್ರಿ ರೇಖಾಂಶದ ಆಧಾರದ ಮೇಲೆ. ಅದಕ್ಕೆ ಹೋಲಿಸಿದರೆ ನರಗುಂದದ ಸರಾಸರಿ ಸೌರಸಮಯ 28 ನಿಮಿಷ ಹಿಂದಿದೆ, ಘಳಿಗೆಗಿಂತ ತುಸು ಹೆಚ್ಚು. ಆದ್ದರಿಂದಲೇ ಅಲ್ಲಿ ಹೊತ್ತು ನೆತ್ತಿಗೆ ಬರುವುದು ಹನ್ನೆರಡಕ್ಕಲ್ಲ: ನವೆಂಬರ್ ಆರಂಭದಲ್ಲಿ 12.12ರ ಸುಮಾರಿಗೆ, ಫೆಬ್ರವರಿ ನಡುವಿನಲ್ಲಿ 12.42ರ ಸುಮಾರಿಗೆ. ಇನ್ನೂ ಹಿಂದಕ್ಕೆ ಹೋದರೆ ರೈಲುಗಳು ಮದ್ರಾಸ್ ಸಮಯದಂತೆ ಓಡುತ್ತಿದ್ದವು. ರೋಣ ತಾಲ್ಲೂಕಿನ ಹೊಳೆಆಲೂರು ನಿಲ್ದಾಣದ ಗಡಿಯಾರ ಊರ ಹೊತ್ತಿಗಿಂತ ಸುಮಾರು 18 ನಿಮಿಷ ಮುಂದಿರಬೇಕಾಗಿತ್ತು. ನೆರಳು ನೋಡಿಕೊಂಡು ಮನೆ ಬಿಟ್ಟವನಿಗೆ ಗಾಡಿ ತಪ್ಪಲು ಅಷ್ಟು ಸಾಕು.

ಆದರೆ ಈ ಲೆಕ್ಕವನ್ನೆಲ್ಲ ಒಂದು ಗುಡ್ಡ ಬುಡಮೇಲು ಮಾಡುತ್ತದೆ. ನರಗುಂದ, ಗಜೇಂದ್ರಗಡ ಎರಡೂ ಕೋಟೆಗುಡ್ಡದ ಮಗ್ಗುಲಿನ ಊರುಗಳು. ದಿಗಂತದಿಂದ ಸೂರ್ಯ ಒಂದು ಡಿಗ್ರಿ ಮೇಲೇರಲು ಇಲ್ಲಿ ನಾಲ್ಕು ನಿಮಿಷಕ್ಕಿಂತ ಕೊಂಚ ಹೆಚ್ಚು ಬೇಕು. ಒಂದು ಕಿ.ಮೀ. ದೂರದಲ್ಲಿ, ಮೂಡಣ ದಿಕ್ಕಿಗೆ, ಕಣ್ಣಮಟ್ಟದಿಂದ ಹದಿನೆಂಟು ಮೀಟರ್ ಎತ್ತರದ ದಿಬ್ಬ ನಿಂತರೆ ಅಷ್ಟು ಹೊತ್ತು ಬಿಸಿಲು ತಡ. ಎರಡು ಊರುಗಳ ನಡುವಿನ ಇಡೀ ರೇಖಾಂಶಕ್ಕಿಂತ ಮನೆಯೆದುರಿನ ದಿಬ್ಬವೇ ದೊಡ್ಡದು! ಹೊತ್ತಿನ ಮಟ್ಟಿಗೆ ಊರಿನ ಗುಣವನ್ನು ನಕ್ಷೆಯಲ್ಲಿ ಹುಡುಕುವ ಮೊದಲು ನೆಲದಲ್ಲಿ ಹುಡುಕಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ನೆಲದ ಜೊತೆಗೆ ದುಡಿಮೆಯೂ ಹೊತ್ತಿಗೆ ಬಣ್ಣ ಕೊಡುತ್ತದೆ. ಗಜೇಂದ್ರಗಡ ಪಟ್ಟೇದ ಅಂಚಿನ ಸೀರೆಯ ಊರು. ಕೈಮಗ್ಗದ ಮುಂದೆ ಕೂತವರಿಗೆ ಎಳೆ ಕಾಣುವಷ್ಟು ಬೆಳಕೇ ಗಡಿಯಾರ. ನರಗುಂದದ ಎರೆಹೊಲಗಳಲ್ಲಿ ಕಾಯುವುದು ಮಲಪ್ರಭೆಯ ಕಾಲುವೆ ನೀರನ್ನು. 1980ರ ಜುಲೈ 21ರ ರೈತ ಬಂಡಾಯ ಆ ನೀರಿನ ಕರದ ಮೇಲೆಯೇ ಎದ್ದದ್ದು, ಮತ್ತು ಆ ತಾರೀಖು ಅಲ್ಲಿ ಇಂದಿಗೂ ವರ್ಷದ ಗುರುತುಗಲ್ಲು. ಬಯಲಿನ ರೋಣದಲ್ಲಿ ದಿಗಂತ ತೆರೆದಿರುವುದರಿಂದ ಅದನ್ನು ಅಳತೆಯ ಆಧಾರಬಿಂದುವಾಗಿ ಇಟ್ಟುಕೊಂಡು, ಉಳಿದೆರಡು ಊರುಗಳಲ್ಲಿ ಓಣಿ ಓಣಿಯಿಂದ ಮೊದಲ ಬಿಸಿಲಿನ ವೇಳೆಯನ್ನು ಒಂದೇ ದಿನ ಬರೆದುಕೊಳ್ಳಬೇಕಿದೆ.