ಕಬ್ಬಿನ ‘ಕೋ’ ಮತ್ತು ಜಾನಕಿ ಅಮ್ಮಾಳ್

ಮಾರಿಕಣಿವೆಯ ನೀರು ಹರಿಯುವ ಹಿರಿಯೂರಿನ ಕಡೆ ಒಂದು ಕಾಲಕ್ಕೆ ಕಬ್ಬಿನ ಗದ್ದೆಗಳು ಬೇಕಾದಷ್ಟಿದ್ದವು. ಸಕ್ಕರೆ ಕಾರ್ಖಾನೆಯ ಬಾಗಿಲು ಮುಚ್ಚಿತು, ಅಡಿಕೆ, ತೆಂಗು ಬಂದವು. ಆದರೆ ಕಬ್ಬು ಬೆಳೆದವರಿಗೆ ‘ಕೋ 419’, ‘ಕೋ 62175’, ‘ಕೋ 86032’ ಎಂಬ ಹೆಸರುಗಳು ಇಂದಿಗೂ ಗೊತ್ತು. ಈ ‘ಕೋ’ ಅಂದರೆ ಏನು? ಕೊಯಮತ್ತೂರು. ಅಲ್ಲಿನ ಕಬ್ಬು ತಳಿ ಕೇಂದ್ರದಲ್ಲಿ ಹುಟ್ಟಿದ ತಳಿಗಳಿಗೆ ಇಟ್ಟ ಗುರುತು ಅದು.

ಆ ಕೇಂದ್ರದ ಮಾತು ಬಂದಾಗಲೆಲ್ಲ ಮೊಬೈಲಿನಲ್ಲಿ ಒಂದು ಸಂದೇಶ ಓಡಾಡುತ್ತದೆ: ‘ಭಾರತದ ಕಬ್ಬಿಗೆ ಸಿಹಿ ತುಂಬಿದ ಮಹಿಳೆ ಜಾನಕಿ ಅಮ್ಮಾಳ್’. ಹೆಸರು ನಿಜ, ಹೆಣ್ಣುಮಗಳೂ ನಿಜ. ಮಾತು ಮಾತ್ರ ಅರ್ಧ ಸತ್ಯ. ಪೂರ್ತಿ ಕಥೆ ಇನ್ನೂ ದೊಡ್ಡದು ಎಂಬುದಕ್ಕೇ ನಾವು ಇದನ್ನು ಬರೆಯುತ್ತಿದ್ದೇವೆ.

ಮೊದಲು ಲೆಕ್ಕ ಸರಿಮಾಡಿಕೊಳ್ಳೋಣ. ಕೊಯಮತ್ತೂರಿನ ಕೇಂದ್ರ ಶುರುವಾದದ್ದು 1912ರಲ್ಲಿ. ಸಿಹಿಯಾದ ದಪ್ಪ ಕಬ್ಬಿಗೂ ಹೊಳೆದಂಡೆಯಲ್ಲಿ ಬೆಳೆಯುವ ಗಟ್ಟಿಜೀವದ ಕಾಡುಕಬ್ಬಿಗೂ ಸಂಕರ ಮಾಡಿಸಿದವರು ಬಾರ್ಬರ್ ಮತ್ತು ಟಿ.ಎಸ್. ವೆಂಕಟರಾಮನ್. ಅವರ ‘ಕೋ 205’ 1918ರಲ್ಲೇ ರೈತರ ಕೈಗೆ ಬಂತು. ಜಾನಕಿ ಅಮ್ಮಾಳ್ ಅಲ್ಲಿಗೆ ಹೋದದ್ದು 1934ರಲ್ಲಿ.

ಹಾಗಾದರೆ ಅವರು ಮಾಡಿದ್ದೇನು? ಪ್ರತಿ ಜೀವಕೋಶದೊಳಗೆ ದಾರದ ಎಳೆಗಳಂಥ ವರ್ಣತಂತುಗಳಿರುತ್ತವೆ. ತಾಯಿ ತಂದೆಯ ಗುಣ ಮಕ್ಕಳಿಗೆ ಹೋಗುವುದು ಇವುಗಳ ಮೂಲಕವೇ. ಮನುಷ್ಯರಿಗೆ 46, ನಮ್ಮ ರಾಗಿಗೆ 36, ಹೊಳಲ್ಕೆರೆ, ಹೊಸದುರ್ಗದ ಹೊಲಗಳಲ್ಲಿ ನಿಂತ ಮೆಕ್ಕೆಜೋಳಕ್ಕೆ 20. ಸಿಹಿ ಕಬ್ಬಿಗೆ 80. ಕಾಡುಕಬ್ಬಿನದು ಮಾತ್ರ ಒಂದೊಂದು ಸೀಮೆಯಲ್ಲಿ ಒಂದೊಂದು ಲೆಕ್ಕ. ಜಾನಕಿ ಅಮ್ಮಾಳ್ ದೇಶದ ಬೇರೆ ಬೇರೆ ಕಡೆಯ ಕಾಡುಕಬ್ಬನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಈ ಎಳೆಗಳನ್ನು ಎಣಿಸಿದರು. ಯಾವುದಕ್ಕೆ ಯಾವುದು ಕೂಡುತ್ತದೆ, ಕೂಡಿದರೆ ಏನಾಗುತ್ತದೆ ಎಂದು ತಿಳಿಯಲು ಈ ಎಣಿಕೆಯೇ ಬುನಾದಿ.

ಅಲ್ಲಿಗೂ ನಿಲ್ಲಲಿಲ್ಲ. ಕಬ್ಬಿನ ಸೂಲಂಗಿಗೆ ಮೆಕ್ಕೆಜೋಳದ ಪರಾಗ ಮುಟ್ಟಿಸಿ ಸಸಿ ಪಡೆದರು. 1938ರಲ್ಲಿ ಈ ಸುದ್ದಿ ‘ನೇಚರ್’ ಎಂಬ ಪ್ರಸಿದ್ಧ ವಿಜ್ಞಾನ ಪತ್ರಿಕೆಯಲ್ಲಿ ಬಂತು. ಆ ಸಸಿ ಯಾವ ರೈತನ ಹೊಲಕ್ಕೂ ಬರಲಿಲ್ಲ. ಆದರೆ ದೂರದ ಸಂಬಂಧದ ಹುಲ್ಲುಗಳೂ ಕಬ್ಬಿನೊಂದಿಗೆ ಕೂಡಬಲ್ಲವು ಎಂದು ಅದು ತೋರಿಸಿತು. ಕಬ್ಬನ್ನು ನಾವು ನೆಡುವುದು ಬೀಜದಿಂದಲ್ಲ, ಗಣ್ಣಿನ ತುಂಡಿನಿಂದ. ಹಾಗಾಗಿ ಬೀಜ ಕಟ್ಟದ ಸಂಕರವನ್ನೂ ಉಳಿಸಿಕೊಳ್ಳಬಹುದು. ಕಬ್ಬಿನ ಸಂಶೋಧನೆಗೆ ಇದೇ ಅನುಕೂಲ.

ಈ ಹೆಣ್ಣುಮಗಳು ಹುಟ್ಟಿದ್ದು 1897ರಲ್ಲಿ, ಕೇರಳದ ತಲಶ್ಶೇರಿಯಲ್ಲಿ, ತಿಯ್ಯ ಸಮುದಾಯದ ಮನೆಯಲ್ಲಿ. ತಂದೆ ನ್ಯಾಯಾಧೀಶರು. ಮದರಾಸಿನಲ್ಲಿ ಓದಿ, ಅಲ್ಲೇ ಪಾಠ ಹೇಳಿ, ವಿದ್ಯಾರ್ಥಿವೇತನದ ಮೇಲೆ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋದರು. 1931ರಲ್ಲಿ ಡಾಕ್ಟರೇಟ್ ಪಡೆದರು. ಸಿ.ವಿ. ರಾಮನ್ ಬೆಂಗಳೂರಿನಲ್ಲಿ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿ 1935ರಲ್ಲೇ ಇವರನ್ನು ಸದಸ್ಯೆಯಾಗಿ ಆರಿಸಿತು.

ಇಷ್ಟಾದರೂ ಕೊಯಮತ್ತೂರಿನ ಬದುಕು ಸುಲಭವಿರಲಿಲ್ಲ. ಮದುವೆಯಾಗದ ಹೆಣ್ಣು, ಅದರ ಮೇಲೆ ಜಾತಿಯ ಲೆಕ್ಕ. ಎರಡರ ಕಾರಣಕ್ಕೂ ಅವರಿಗೆ ಅಲ್ಲಿ ತೊಂದರೆಯಾಯಿತು ಎಂದು ಅವರ ಜೀವನ ಬರೆದವರು ಹೇಳುತ್ತಾರೆ. 1939ರಲ್ಲಿ ಸಮ್ಮೇಳನಕ್ಕೆಂದು ಬ್ರಿಟನ್ನಿಗೆ ಹೋದವರು ಯುದ್ಧ ಶುರುವಾಗಿ ಅಲ್ಲೇ ಉಳಿದರು. ಬಾಂಬ್ ಬೀಳುತ್ತಿದ್ದ ಲಂಡನ್ನಿನಲ್ಲಿ ಕೆಲಸ ಮಾಡಿದರು. ನಾವು ಬೆಳೆಯುವ ಗಿಡಗಳ ವರ್ಣತಂತುಗಳ ಲೆಕ್ಕವನ್ನೆಲ್ಲ ಒಂದೆಡೆ ಸೇರಿಸಿ, ಡಾರ್ಲಿಂಗ್ಟನ್ ಜೊತೆಗೂಡಿ ಬರೆದ ದೊಡ್ಡ ಪುಸ್ತಕ 1945ರಲ್ಲಿ ಹೊರಬಂತು.

ಸ್ವಾತಂತ್ರ್ಯ ಬಂದ ಮೇಲೆ ನೆಹರೂ ಕರೆದರು. ಅವರು ಹಿಂದಿರುಗಿ ಭಾರತೀಯ ಸಸ್ಯ ಸರ್ವೇಕ್ಷಣೆಯನ್ನು ಮತ್ತೆ ಕಟ್ಟುವ ಕೆಲಸಕ್ಕೆ ಕೈಹಾಕಿದರು. 1977ರಲ್ಲಿ ಪದ್ಮಶ್ರೀ ಬಂತು. ಎಂಬತ್ತು ದಾಟಿದ ವಯಸ್ಸಿನಲ್ಲಿ, ಅಣೆಕಟ್ಟೆಗೆ ಮುಳುಗಲಿದ್ದ ಕೇರಳದ ಸೈಲೆಂಟ್ ವ್ಯಾಲಿ ಕಾಡಿನ ಪರ ದನಿ ಎತ್ತಿದರು. ಅಣೆಕಟ್ಟೆಯ ಯೋಜನೆ ಕೈಬಿಟ್ಟಿತು. 1984ರ ನವೆಂಬರಿನಲ್ಲಿ ಕಾಡು ರಾಷ್ಟ್ರೀಯ ಉದ್ಯಾನವಾಯಿತು. ಅದನ್ನು ನೋಡಲು ಅವರಿರಲಿಲ್ಲ. ಅದೇ ವರ್ಷದ ಫೆಬ್ರವರಿಯಲ್ಲಿ ತೀರಿಕೊಂಡಿದ್ದರು.

ಇನ್ನೊಬ್ಬರು ಮಾಡಿದ ಕೆಲಸವನ್ನು ಜಾನಕಿ ಅಮ್ಮಾಳ್ ತಲೆಗೆ ಕಟ್ಟುವ ಅಗತ್ಯವಿಲ್ಲ. ಅವರದೇ ಕೆಲಸ ಬೆಟ್ಟದಷ್ಟಿದೆ. ಮುಂದಿನ ಸಲ ಆ ಸಂದೇಶ ನಿಮ್ಮ ಗುಂಪಿಗೆ ಬಂದರೆ, ವರ್ಣತಂತು ಎಣಿಸಿದ ಕಥೆಯನ್ನೂ ಜೊತೆಗೆ ಕಳಿಸಿ. ಮನೆಯಲ್ಲಿ ವಿಜ್ಞಾನ ಓದುವ ಮಗಳಿದ್ದರೆ, ಮೊದಲು ಅವಳಿಗೆ ಹೇಳಿ.