ಎಂಜಿನಿಯರಿಂಗ್ ಶಿಕ್ಷಣದಲ್ಲಿ ಸುಸ್ಥಿರತೆ ಮತ್ತು ವೃತ್ತಿಧರ್ಮ: ಕಾಫಿನಾಡಿನ ನಿದರ್ಶನಗಳೊಡನೆ

ಎಂಜಿನಿಯರಿಂಗ್ ಪದವಿಗೆ ಓದುವ ವಿದ್ಯಾರ್ಥಿಯು ಗಣಿತ, ಭೌತವಿಜ್ಞಾನ, ಯಂತ್ರರಚನೆಗಳನ್ನು ಕಲಿಯುವುದರ ಜೊತೆಗೆ, ತಾನು ಕಟ್ಟುವ ಕಟ್ಟಡದಿಂದಲೋ ನಡೆಸುವ ಯಂತ್ರದಿಂದಲೋ ನೆಲ, ನೀರು, ಜನ ಇವುಗಳಿಗೆ ಆಗುವ ಪರಿಣಾಮವನ್ನು ಅಳೆಯುವ ಶಕ್ತಿಯನ್ನೂ, ಆ ಪರಿಣಾಮಕ್ಕೆ ತಾನೂ ಹೊಣೆಗಾರನೆಂದು ಒಪ್ಪಿಕೊಳ್ಳುವ ಮನೋಧರ್ಮವನ್ನೂ ಸಂಪಾದಿಸಿರತಕ್ಕದ್ದೆಂದು ವಿಶ್ವವಿದ್ಯಾನಿಲಯಗಳು ಪಠ್ಯಕ್ರಮದಲ್ಲಿಯೇ ವಿಧಿಸುವ ಪದ್ಧತಿಯನ್ನು ಈ ಶೀರ್ಷಿಕೆಯ ಕೆಳಗೆ ವಿವರಿಸಲಾಗಿದೆ. ಮೊದಲನೆಯದಕ್ಕೆ ಸುಸ್ಥಿರತೆಯೆಂದೂ ಎರಡನೆಯದಕ್ಕೆ ವೃತ್ತಿಧರ್ಮವೆಂದೂ ಹೆಸರು. ಕರ್ನಾಟಕದಲ್ಲಿ ಈ ವಿಧಿಗಳನ್ನು ಬಹುಮಟ್ಟಿಗೆ ನಿರ್ಣಯಿಸುವುದು 1998ರಲ್ಲಿ ಬೆಳಗಾವಿಯಲ್ಲಿ ಸ್ಥಾಪಿತವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯ. 1980ರಲ್ಲಿ ಚಿಕ್ಕಮಗಳೂರಿನಲ್ಲಿ ಆರಂಭವಾದ ಆದಿಚುಂಚನಗಿರಿ ತಾಂತ್ರಿಕ ಮಹಾವಿದ್ಯಾಲಯವು ಅದರ ವ್ಯಾಪ್ತಿಗೆ ಸೇರಿದುದು. ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಬೆಟ್ಟದ ಸೀಮೆಯಾದರೋ ಈ ವಿಷಯಕ್ಕೆ ಪಠ್ಯಪುಸ್ತಕವೇ ಬೇಡವೆನ್ನುವಷ್ಟು ನಿದರ್ಶನಗಳನ್ನು ತನ್ನೊಡಲಲ್ಲಿ ಇಟ್ಟುಕೊಂಡಿದೆ.

ಪಾಶ್ಚಾತ್ಯ ದೇಶಗಳಲ್ಲಿ ಈ ವಿಚಾರವು ಮೊದಲು ತಲೆಯೆತ್ತಿದ್ದು ಅಪಘಾತಗಳ ದೆಸೆಯಿಂದ. ಕೆನಡಾದ ಕ್ವೆಬೆಕ್ ಸೇತುವೆಯು 1907ರಲ್ಲಿ, ಇನ್ನೂ ಕಟ್ಟುತ್ತಿರುವಾಗಲೇ ಕುಸಿದು 75 ಮಂದಿ ಕೆಲಸಗಾರರು ಮಡಿದರು. ಆ ದೇಶದಲ್ಲಿ ಪದವಿ ಮುಗಿಸಿದ ಎಂಜಿನಿಯರುಗಳು ಹೊಣೆಯ ಪ್ರತಿಜ್ಞೆ ಮಾಡಿ ಕಿರುಬೆರಳಿಗೆ ಕಬ್ಬಿಣದ ಉಂಗುರ ತೊಡುವ ಸಂಸ್ಕಾರವು 1925ರಿಂದ ನಡೆದುಬಂದಿದೆ. ಪರಿಸರದ ಚಿಂತೆ ಇದಕ್ಕೆ ಕೂಡಿಕೊಂಡದ್ದು ಬಹಳ ತಡವಾಗಿ, 1987ರ ಬ್ರುಂಟ್‌ಲಂಡ್ ವರದಿಯ ಅನಂತರ. ಪದವಿಗಳನ್ನು ಪರಸ್ಪರ ಮಾನ್ಯಮಾಡುವುದಕ್ಕಾಗಿ 1989ರಲ್ಲಿ ಆದ ವಾಷಿಂಗ್ಟನ್ ಒಡಂಬಡಿಕೆಗೆ ಭಾರತವು 2014ರ ಜೂನ್ 13ರಂದು ಕಾಯಂ ಸದಸ್ಯವಾಯಿತು. ಆ ಒಡಂಬಡಿಕೆಗೆ ಹೊಂದುವಂತೆ ನಮ್ಮ ರಾಷ್ಟ್ರೀಯ ಮಾನ್ಯತಾ ಮಂಡಲಿಯು ಪದವೀಧರನಲ್ಲಿ ಇರಬೇಕಾದ 12 ಗುಣಗಳನ್ನು ಪಟ್ಟಿಮಾಡಿ, ಅವುಗಳಲ್ಲಿ ಆರನೆಯದನ್ನು ಸಮಾಜಕ್ಕೂ ಏಳನೆಯದನ್ನು ಪರಿಸರ ಮತ್ತು ಸುಸ್ಥಿರತೆಗೂ ಎಂಟನೆಯದನ್ನು ನೀತಿಗೂ ಮೀಸಲಿಟ್ಟಿತು. ಈಚಿನ ಪರಿಷ್ಕರಣದಲ್ಲಿ ಪಟ್ಟಿಯು 11ಕ್ಕೆ ಇಳಿದು, ಸಮಾಜವೂ ಪರಿಸರವೂ ಒಂದೇ ಅಂಕಣದಲ್ಲಿ ಸೇರಿಕೊಂಡಿವೆ.

ಭಾರತದಲ್ಲಿ ಪರಿಸರದ ಪಾಠವು ಕಾಲೇಜಿನೊಳಕ್ಕೆ ಬಂದದ್ದಂತೂ ನ್ಯಾಯಾಲಯದ ಬಾಗಿಲಿನಿಂದ. ಎಂ. ಸಿ. ಮೆಹ್ತಾ ಅವರ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು 1991ರಲ್ಲಿ ಪರಿಸರ ಶಿಕ್ಷಣವನ್ನು ಕಡ್ಡಾಯಗೊಳಿಸಬೇಕೆಂದು ನಿರ್ದೇಶಿಸಿತು. ಅದು ಬಹುಕಾಲ ಕಾಗದದಲ್ಲಿಯೇ ಉಳಿದುದರಿಂದ 2003ರಲ್ಲಿ ಮತ್ತೊಮ್ಮೆ ಎಚ್ಚರಿಸಬೇಕಾಯಿತು. ಕರ್ನಾಟಕದಲ್ಲಿ ವೃತ್ತಿನೀತಿಯು ಭಾರತದ ಸಂವಿಧಾನದೊಡನೆ ಒಂದೇ ಪತ್ರಿಕೆಯಾಗಿ ಹಲವು ವರ್ಷ ಸಾಗಿತು. ಮೂಲಭೂತ ಹಕ್ಕುಗಳನ್ನು ಉರುಹಚ್ಚಿದ ನಾಲಗೆಯೇ ಅದೇ ಸಂಜೆ ಲಂಚದ ದೋಷಗಳನ್ನೂ ಉರುಹಚ್ಚುತ್ತಿದ್ದಿತು. ಇತ್ತೀಚಿನ ಪಠ್ಯಕ್ರಮದಲ್ಲಿ ‘ಸಾರ್ವತ್ರಿಕ ಮಾನವೀಯ ಮೌಲ್ಯಗಳು’ ಎಂಬ ವಿಷಯ ಸೇರಿದೆ. ಇದರ ಹಿಂದಿರುವ ‘ಜೀವನ ವಿದ್ಯಾ’ ಚಿಂತನೆಯ ಮೂಲಪುರುಷ ಎ. ನಾಗರಾಜರು ಹಾಸನ ಜಿಲ್ಲೆಯಲ್ಲಿ ಹುಟ್ಟಿ ಅಮರಕಂಟಕದಲ್ಲಿ ನೆಲೆಸಿದವರೆಂಬುದು ಕನ್ನಡಿಗರಲ್ಲಿಯೂ ಹೆಚ್ಚು ಮಂದಿಗೆ ತಿಳಿಯದು. ಇದಲ್ಲದೆ ವಿದ್ಯಾರ್ಥಿಯು ಜಲಸಂರಕ್ಷಣೆ, ತ್ಯಾಜ್ಯ ನಿರ್ವಹಣೆ ಮೊದಲಾದ ಸಮಾಜಕಾರ್ಯಗಳಲ್ಲಿ ತೊಡಗಿ 100 ಚಟುವಟಿಕೆ ಅಂಕಗಳನ್ನೂ, ಡಿಪ್ಲೊಮಾ ಮುಗಿಸಿ ಎರಡನೆಯ ವರ್ಷಕ್ಕೆ ಸೇರಿದವನು 75 ಅಂಕಗಳನ್ನೂ ಗಳಿಸದ ಹೊರತು ಪದವಿ ಪೂರ್ಣವಾಗದು. ಏರ್ಪಾಡು ಒಳ್ಳೆಯದೇ, ಆದರೆ ನಾಲ್ಕು ವರ್ಷದ 160 ಕ್ರೆಡಿಟ್ಟುಗಳಲ್ಲಿ ಮಾನವೀಯ ಮೌಲ್ಯಕ್ಕೆ ಸಲ್ಲುವುದು ಒಂದೇ ಕ್ರೆಡಿಟ್ಟೆಂಬುದನ್ನು ನೋಡಿದಾಗ, ಊಟದ ಎಲೆಯ ತುದಿಗೆ ಬಡಿಸಿದ ಉಪ್ಪನ್ನು ಎಲ್ಲಿಟ್ಟಿತ್ತೋ ಅಲ್ಲಿಯೇ ಬಿಟ್ಟು ಏಳುವವರ ನೆನಪಾಗದೆ ಇರದು. ಉಪ್ಪು ಸಾರಿನಲ್ಲಿ ಬೆರೆತಿರಬೇಕು; ಎಂದರೆ ಅಣೆಕಟ್ಟಿನ ಪಾಠದಲ್ಲಿ, ರಸ್ತೆಯ ಪಾಠದಲ್ಲಿ, ಪಂಪಿನ ಪಾಠದಲ್ಲಿ.

ಅಣೆಕಟ್ಟಿನ ಪಾಠಕ್ಕೆ ಕಳಸದಿಂದ ದೂರ ಹೋಗಬೇಕಾಗಿಲ್ಲ. ಕುದುರೆಮುಖದ ಮ್ಯಾಗ್ನಟೈಟ್ ಅದಿರನ್ನು ಅಗೆಯಲು 1976ರಲ್ಲಿ ಕೇಂದ್ರ ಸರ್ಕಾರದ ಕಂಪನಿಯೊಂದು ಸ್ಥಾಪಿತವಾಯಿತು. ಬಂಡವಾಳಕ್ಕೆ ಸಾಲ ನೀಡಿ ಅದಿರನ್ನು ಕೊಳ್ಳಲು ಒಪ್ಪಿದ್ದ ಇರಾನ್ ದೇಶವು 1979ರ ಕ್ರಾಂತಿಯಲ್ಲಿ ಮುಳುಗಿ, ಕೊಳ್ಳುವವರೇ ಇಲ್ಲದಂತಾದರೂ ಕೆಲಸ ನಿಲ್ಲಲಿಲ್ಲ. ಯಂತ್ರಶಿಲ್ಪದ ದೃಷ್ಟಿಯಿಂದ ಅದೊಂದು ಸೊಗಸಾದ ಸಾಧನೆಯೆಂಬುದನ್ನು ವಿರೋಧಿಗಳೂ ಅಲ್ಲಗಳೆಯಲಾರರು: ಬೆಟ್ಟದ ಮೇಲೆಯೇ ಅದಿರನ್ನು ನುಣ್ಣಗೆ ಅರೆದು, ನೀರಿನೊಡನೆ ಕಲಸಿ, ಘಟ್ಟವನ್ನು ಇಳಿಸಿ ಸುಮಾರು 67 ಕಿಲೋಮೀಟರಿನ ಕೊಳವೆಯಲ್ಲಿ ಮಂಗಳೂರಿನ ಬಂದರಿಗೆ ಮುಟ್ಟಿಸುತ್ತಿದ್ದರು. ಆದರೆ ಆ ಅದಿರು ಬಡ ಅದಿರು. 100 ಟನ್ನು ಅಗೆದರೆ ಅದರಲ್ಲಿ ಕಬ್ಬಿಣದ ಅಂಶ 40 ಟನ್ನಿಗೂ ಕಡಿಮೆ. ಉಳಿದ ಅರೆದ ಕಲ್ಲಿನ ಕೆಸರನ್ನು ತಡೆದಿರಿಸಲು ಭದ್ರೆಯ ಉಪನದಿಯಾದ ಲಕ್ಯಾ ಹೊಳೆಗೆ ಅಡ್ಡಲಾಗಿ ಸುಮಾರು 100 ಮೀಟರ್ ಎತ್ತರದ ಮಣ್ಣಿನ ಅಣೆಕಟ್ಟನ್ನು ಕಟ್ಟಿದರು. ಸುತ್ತಲಿನದು ಶೋಲೆ ಕಾಡು ಮತ್ತು ಹುಲ್ಲುಗಾವಲು. ತುಂಗೆ, ಭದ್ರೆ, ನೇತ್ರಾವತಿ ಈ ಮೂರೂ ಹುಟ್ಟುವ ಗಂಗಾಮೂಲವೂ ಅದೇ ಶ್ರೇಣಿಯಲ್ಲಿದೆ.

1987ರಲ್ಲಿ ಆ ಪ್ರದೇಶವನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸುವ ಇಚ್ಛೆಯನ್ನು ಸರ್ಕಾರ ಪ್ರಕಟಿಸಿತು. ಗಣಿಯೂ ಉದ್ಯಾನವೂ ಒಂದೇ ಬೆಟ್ಟದಲ್ಲಿ ನೆರೆಹೊರೆಯಾಗಿ ಕೆಲವು ಕಾಲ ಬಾಳಿದವು. ಮಳೆಗಾಲದಲ್ಲಿ ಗಣಿಯ ಬೋಳು ಮೈಯಿಂದ ಇಳಿದ ಮಣ್ಣು ಭದ್ರೆಯನ್ನು ಕೆಂಪಾಗಿಸುತ್ತಿದ್ದುದು ವಿವಾದದ ಒಂದು ಮುಖ್ಯ ಅಂಶ. ಹಿಂದೆ ನಾಗರಹೊಳೆಯಲ್ಲಿ ವಲಯ ಅರಣ್ಯಾಧಿಕಾರಿಯಾಗಿದ್ದ ಕೆ. ಎಂ. ಚಿಣ್ಣಪ್ಪನವರ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು 2002ರ ಅಕ್ಟೋಬರ್ 30ರಂದು ತೀರ್ಪಿತ್ತಿತು. ಅದರಂತೆ 2005ರ ಅಂತ್ಯಕ್ಕೆ ಗಣಿಗಾರಿಕೆ ನಿಂತಿತು. ಊರು ಬರಿದಾಯಿತು, ದುಡಿಯುತ್ತಿದ್ದವರು ಬೇರೆ ಕಡೆ ನೆಲೆ ಹುಡುಕಿದರು. ಅಣೆಕಟ್ಟು ಮಾತ್ರ ಅಲ್ಲಿಯೇ ಇದೆ. ಲಾಭ ತರುವ ಗಣಿ ನಿಂತ ಮೇಲೆಯೂ ಕೆಸರಿನ ಅಣೆಕಟ್ಟನ್ನು ವರ್ಷವರ್ಷವೂ ನೋಡಿಕೊಳ್ಳಲೇಬೇಕು, ಅದಕ್ಕೆ ನಿವೃತ್ತಿಯಿಲ್ಲ. ಹಾಗಾದರೆ ಆ ಖರ್ಚನ್ನು ಮೂಲ ಅಂದಾಜುಪಟ್ಟಿಯಲ್ಲಿ ಎಷ್ಟು ವರ್ಷಗಳಿಗೆಂದು ಬರೆಯತಕ್ಕದ್ದು? ಸುಸ್ಥಿರತೆ ಎಂಬ ಅಮೂರ್ತ ಪದವು ಇಂಥ ಪ್ರಶ್ನೆಯಲ್ಲಿ ಲೆಕ್ಕದ ರೂಪವನ್ನು ತಾಳುತ್ತದೆ. ತರಗತಿಯಲ್ಲಿ ಕೇಳಬೇಕಾದದ್ದು ಇದನ್ನೇ ಎಂದು ಈ ಲೇಖಕನ ಅಭಿಪ್ರಾಯ.

ವಿಶ್ವವಿದ್ಯಾನಿಲಯಕ್ಕೆ ಯಾರ ಹೆಸರಿದೆಯೋ ಆ ಮಹನೀಯರ ಕಾಲದಲ್ಲಿ ಲೆಕ್ಕವೇ ಬೇರೆಯಾಗಿದ್ದಿತು. 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಬಾಬಾಬುಡನ್ ಗಿರಿಯ ಕೆಮ್ಮಣ್ಣುಗುಂಡಿಯಿಂದಲೂ, ಇದ್ದಿಲು ಮಲೆನಾಡಿನ ಮರದಿಂದಲೂ ಬರುತ್ತಿದ್ದವು. ಕಾಡು ಎಂದರೆ ತೀರದ ಉರುವಲು ಎಂದೇ ಅಂದಿನವರು ಎಣಿಸಿದ್ದರು. ಅದನ್ನು ಇಂದಿನ ಅಳತೆಗೋಲಿನಿಂದ ದೂಷಿಸುವುದು ಸುಲಭ, ನ್ಯಾಯವಲ್ಲ.

ಇನ್ನು ಕಾಫಿಯ ಮಾತು. ಕೊಯ್ಲಿನ ದಿನಗಳಲ್ಲಿ ಯಾವುದಾದರೂ ಅರೇಬಿಕಾ ತೋಟದ ಪಲ್ಪರ್ ಮನೆಯ ಬಳಿ ಸಂಜೆಯ ಹೊತ್ತು ನಿಂತವರಿಗೆ ಆ ಹುಳಿ ವಾಸನೆ ಮರೆಯುವುದಿಲ್ಲ. ಕೆಂಪು ಹಣ್ಣು ಪಲ್ಪರಿಗೆ ಬಿದ್ದು ಸಿಪ್ಪೆ ಒಂದು ಕಡೆಗೆ, ಲೋಳೆ ಮೆತ್ತಿದ ಬೀಜ ಇನ್ನೊಂದು ಕಡೆಗೆ ಬೀಳುತ್ತದೆ. ಬೀಜವು ತೊಟ್ಟಿಯಲ್ಲಿ ಒಂದೆರಡು ದಿನ ಹುದುಗಿ, ತೊಳೆಸಿಕೊಂಡು, ಪಾರ್ಚ್‌ಮೆಂಟ್ ಎಂಬ ಹೆಸರಿನಿಂದ ಕಣಕ್ಕೆ ಒಣಗಲು ಹೋಗುತ್ತದೆ. ತೊಳೆದ ನೀರು ಸಕ್ಕರೆಯನ್ನೂ ಪೆಕ್ಟಿನ್ನನ್ನೂ ಹೊತ್ತು ಹೊರಗೆ ಹೊರಡುತ್ತದೆ. ಅದು ಹಾಗೆಯೇ ಹಳ್ಳಕ್ಕೆ ಸೇರಿದರೆ ಸೂಕ್ಷ್ಮಜೀವಿಗಳು ಆ ಸಕ್ಕರೆಯನ್ನು ತಿನ್ನುವ ಭರದಲ್ಲಿ ನೀರಿನ ಆಮ್ಲಜನಕವನ್ನೆಲ್ಲ ಹೀರಿ ಮೀನುಗಳನ್ನು ಕೊಲ್ಲುತ್ತವೆ. ಕೊಯ್ಲು ಬರುವುದು ಮಳೆ ನಿಂತು ಹಳ್ಳಗಳು ಸಣ್ಣಗಾಗುವ ಕಾಲದಲ್ಲಿಯೇ ಆದುದರಿಂದ ದೋಷ ಇಮ್ಮಡಿ. ಮೂಡಿಗೆರೆ ತಾಲ್ಲೂಕಿನ ಜಾವಳಿಯಲ್ಲಿ ಹುಟ್ಟುವ ಹೇಮಾವತಿ ಕಾವೇರಿಗೂ, ಕಳಸದ ಭದ್ರೆ ಕೃಷ್ಣೆಗೂ ಸೇರುವುದರಿಂದ ಇಲ್ಲಿಯ ತೊಟ್ಟಿಯ ನೀರಿಗೆ ಕೆಳಗಿನ ವಾರಸುದಾರರು ಬಹಳ.

ಸುಣ್ಣ ಹಾಕಿ ಹುಳಿ ಮುರಿದು, ಹೊಂಡದಿಂದ ಹೊಂಡಕ್ಕೆ ಹಾಯಿಸಿ ತಿಳಿಗೊಳಿಸುವುದು ರೂಢಿಯಲ್ಲಿರುವ ಪರಿಹಾರ. ಲೋಳೆಯನ್ನು ಉಜ್ಜಿಯೇ ತೆಗೆಯುವ ಹೊಸ ಯಂತ್ರಗಳು ನೀರನ್ನು ಬಹಳ ಉಳಿಸುತ್ತವೆ. ಆದರೆ ನೀರು ಕಡಿಮೆಯಾದಷ್ಟೂ ಹೊರಬರುವ ಕೊಳೆ ಗಟ್ಟಿಯಾಗುತ್ತದೆ. ಮಾಲಿನ್ಯದ ಮಿತಿಯನ್ನು ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಹೇಳುವುದು ವಾಡಿಕೆಯಾದುದರಿಂದ, ನೀರುಳಿಸಿದವನು ಪರೀಕ್ಷೆಯಲ್ಲಿ ತಪ್ಪಿತಸ್ಥನಂತೆಯೂ, ಹಳ್ಳದ ಒಳ್ಳೆಯ ನೀರನ್ನು ಧಾರಾಳವಾಗಿ ಬೆರೆಸಿದವನು ಸತ್ಯಸಂಧನಂತೆಯೂ ಕಾಣಿಸುವ ವಿಪರ್ಯಾಸ ಸಂಭವಿಸಬಹುದು. ಲೀಟರಿನ ಲೆಕ್ಕ ತಗ್ಗಿದರೂ ಹಳ್ಳಕ್ಕೆ ಸೇರುವ ಒಟ್ಟು ಕೊಳೆ ಒಂದು ಗ್ರಾಂ ಸಹ ತಗ್ಗಿರುವುದಿಲ್ಲ. ಸಿವಿಲ್, ಮೆಕ್ಯಾನಿಕಲ್, ಕೆಮಿಕಲ್ ಈ ಮೂರು ಶಾಖೆಯವರನ್ನೂ ಒಂದೇ ಬೆಂಚಿನಲ್ಲಿ ಕೂರಿಸಿ ಚರ್ಚಿಸಲು ಇದಕ್ಕಿಂತ ಒಳ್ಳೆಯ ನೀತಿಪಾಠ ದೊರೆಯುವುದು ಕಷ್ಟ.

ರಸ್ತೆಯ ವಿಷಯದಲ್ಲಿ ಈ ಸೀಮೆಯವರು ಹೆಚ್ಚಾಗಿ ಬಳಸುವ ಎರಡು ಮಾತುಗಳು ‘ಧರೆ’ ಮತ್ತು ‘ಮೋರಿ’. ಗುಡ್ಡವನ್ನು ನೆಟ್ಟಗೆ ಕಡಿದು ನಿಲ್ಲಿಸಿದ ಮಣ್ಣಿನ ಗೋಡೆಗೆ ಧರೆಯೆಂದು ಹೆಸರು. ಅದರ ಮೇಲಿಂದ ಇಳಿಯುವ ನೀರನ್ನು ರಸ್ತೆಯ ಅಡಿಯಿಂದ ದಾಟಿಸುವುದು ಮೋರಿ. ಧರೆಯನ್ನು ಅಗತ್ಯಕ್ಕಿಂತ ಕಡಿದಾಗಿ ಕತ್ತರಿಸಿದರೆ ಜಾಗ ಉಳಿಯುತ್ತದೆ, ಮೋರಿಯನ್ನು ಕಿರಿದು ಮಾಡಿದರೆ ಹಣ ಉಳಿಯುತ್ತದೆ, ಎರಡನ್ನೂ ಮಳೆ ವಸೂಲು ಮಾಡುತ್ತದೆ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆಯಲ್ಲಿ ಗುಡ್ಡ ಜರಿದು ಮನೆ ತೋಟಗಳು ಹಾಳಾದವು. ಚಾರ್ಮಾಡಿ ಘಟ್ಟದ ರಸ್ತೆಯು ಅಲ್ಲಲ್ಲಿ ಕುಸಿದು ಸಂಚಾರ ಬಹುಕಾಲ ಅಸ್ತವ್ಯಸ್ತವಾಯಿತು. ಅತಿವೃಷ್ಟಿಯ ಪಾಲೆಷ್ಟು, ಕಡಿತದ ಪಾಲೆಷ್ಟು ಎಂಬುದನ್ನು ಪ್ರತಿ ಗುಡ್ಡದಲ್ಲಿಯೂ ಪ್ರತ್ಯೇಕವಾಗಿಯೇ ವಿಚಾರಿಸಬೇಕು. ಎಲ್ಲವನ್ನೂ ಮಳೆಯ ಮೇಲೆ ಹೊರಿಸುವುದು ಎಂಜಿನಿಯರನಿಗೆ ಶೋಭಿಸದು.

ವೈದ್ಯರಿಗೂ ವಕೀಲರಿಗೂ ಇರುವಂತೆ, ತಪ್ಪಿದವನ ಹೆಸರನ್ನು ಪಟ್ಟಿಯಿಂದ ತೆಗೆಯುವ ಶಾಸನಬದ್ಧ ಪರಿಷತ್ತು ಭಾರತದಲ್ಲಿ ಎಂಜಿನಿಯರುಗಳಿಗೆ ಇಲ್ಲ. 1920ರಲ್ಲಿ ಹುಟ್ಟಿದ ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್ ಸಂಸ್ಥೆಯ ನೀತಿಸಂಹಿತೆಯು ಅದರ ಸದಸ್ಯರನ್ನು ಮಾತ್ರ ಕಟ್ಟುತ್ತದೆ. ಆದುದರಿಂದ ಇಲ್ಲಿ ವೃತ್ತಿಧರ್ಮದ ಭಾರವೆಲ್ಲ ಕಾಲೇಜಿನ ನಾಲ್ಕು ವರ್ಷದ ಮೇಲೆ ಬೀಳುತ್ತದೆ. ಆ ಭಾರಕ್ಕೆ ತಕ್ಕ ಸಮಯವನ್ನು ಪಠ್ಯಕ್ರಮವು ಇನ್ನೂ ಕೊಟ್ಟಿಲ್ಲ.

ಚಟುವಟಿಕೆ ಅಂಕಗಳಿಗೆಂದು ಸಸಿ ನೆಟ್ಟು ಫೋಟೋ ತೆಗೆಸಿಕೊಳ್ಳುವುದಕ್ಕೆ ಬದಲು ಮಾಡಬಹುದಾದ ಕೆಲಸ ಕಳಸದಲ್ಲಿಯೇ ಇದೆ. ಹೊರನಾಡಿಗೆ ಹೋಗುವ ದಾರಿಯಲ್ಲಿ ಭದ್ರೆಯ ಮೇಲಿರುವ ಹೆಬ್ಬಾಳೆ ಸೇತುವೆಯು ಎಷ್ಟೋ ಮಳೆಗಾಲಗಳಲ್ಲಿ ಮುಳುಗಿ ಯಾತ್ರಿಕರನ್ನೂ ಊರವರನ್ನೂ ಆಚೆ ದಡದಲ್ಲಿ ತಡೆದು ನಿಲ್ಲಿಸಿದೆ. ಒಂದು ಮಳೆಗಾಲವಿಡೀ ಅಲ್ಲಿ ನೀರಿನ ಮಟ್ಟವನ್ನು ದಿನವೂ ಗುರುತಿಸಿ, ಎಷ್ಟು ಮಳೆಗೆ ಎಷ್ಟು ಗಂಟೆಯಲ್ಲಿ ಹೊಳೆ ಏರುತ್ತದೆಂದು ಲೆಕ್ಕ ಹಾಕಿ, ಮುಳುಗಡೆಯ ದಿನ ಶಾಲೆಗೆ ಹೋಗಲಾಗದ ಮಕ್ಕಳೆಷ್ಟು, ಸುತ್ತುದಾರಿ ಹಿಡಿದವರೆಷ್ಟು ಎಂಬುದನ್ನು ಅದೇ ಪುಸ್ತಕದ ಎದುರು ಪುಟದಲ್ಲಿ ಬರೆದಿಡಲು ಬೇಕಾದ ಸಾಮಗ್ರಿಯೆಂದರೆ ಅಡಿ ಗುರುತಿಸಿದ ಒಂದು ಕೋಲು, ಮಳೆ ಅಳೆಯುವ ಒಂದು ಮಾಪಕ ಮತ್ತು ಒಂದು ಕೊಡೆ.